ಚಂದ್ರಪತಂಗದ ಪಂಜರದ ಕೊಂಡಿ

ತಮಿಳು ಪಂಚಾಂಗದ ಐಪ್ಪಸಿ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಕೊಯಮತ್ತೂರಿನ ಕುರಿಚಿಯಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡು. ಹಾಜರಿದ್ದವರು ಮೂವರು — ನಾನು, ನನ್ನ ಯಜಮಾನರು ರಂಗಸಾಮಿ, ಚಿಟ್ಟೆ ಸಾಕಲು ಹೊಸದಾಗಿ ಕಲಿಯುತ್ತಿರುವ ನಿತ್ಯಾ.

ಆ ಗೂಡನ್ನು ಕತ್ತರಿಸಿದವಳು ನಾನು. ಪಂಜರದ ಕೊಂಡಿ ತೆಗೆದಿಟ್ಟವಳೂ ನಾನೇ. ಇಲಿ ಬರಲಿಲ್ಲ. ಇವರು ಮರೆಯಲಿಲ್ಲ. ನಾಲ್ಕು ವರ್ಷದಿಂದ ಇವರು ತಮ್ಮ ಮರೆವು ಎಂದು ಹೇಳಿಕೊಂಡು ಬಂದದ್ದು ನನ್ನ ಸುಳ್ಳು.

ಮೊದಲೇ ಬರೆದುಬಿಟ್ಟೆ. ಸುತ್ತು ಹಾಕತೊಡಗಿದರೆ ನಾನು ಆ ಮಾತನ್ನು ತಲುಪುವುದಿಲ್ಲ — ಇಷ್ಟು ವರ್ಷ ತಲುಪಿಲ್ಲ. ಕೆಲಸದಲ್ಲಿದ್ದಾಗ ಕೈಕೆಳಗಿನವರಿಗೆ ಹೇಳುತ್ತಿದ್ದೆ: ಏನಾಯಿತು ಎಂಬುದನ್ನು ಮೊದಲು ಹೇಳಿ, ಹೇಗಾಯಿತು ಎಂಬುದು ಆಮೇಲೆ. ಆ ಮಾತು ಈಗ ನನಗೇ ಬಂದಿದೆ.

ನಾನು ಕೊಳ್ಳೇಗಾಲದ ಕಡೆಯವಳು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು. ಹುಳಕ್ಕೆ ಸೊಪ್ಪು ಹಾಕಿದ ಮೇಲೆ ಮಕ್ಕಳಿಗೆ ಊಟ — ನಮ್ಮ ಮನೆಯ ಕ್ರಮ ಅದು. ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಹೋಗಿದೆ ಎಂದರೆ ಸೊಪ್ಪು ನಿಲ್ಲುತ್ತದೆ, ಮಾತು ತಗ್ಗುತ್ತದೆ, ಯಾರೂ ತಟ್ಟೆ ಮುಟ್ಟುವಂತಿಲ್ಲ. ಅಂಥ ಮನೆಯಿಂದ ಮದುವೆಯಾಗಿ ತಮಿಳುನಾಡಿನ ಉಡುಮಲೈ ಕಡೆಯ ಒಕ್ಕಲು ಮನೆತನಕ್ಕೆ ಬಂದೆ. ಇವರ ಮನೆಯಲ್ಲಿ ತಲೆತಲಾಂತರದಿಂದ ಕನ್ನಡದ ಮಾತು. ಕನ್ನಡದ ಅಕ್ಷರ ಮಾತ್ರ ಒಬ್ಬರಿಗೂ ಬಾರದು. ಇವರು ಓದಿದ್ದು, ಬರೆದದ್ದು, ಲೆಕ್ಕ ಹಾಕಿದ್ದು ಎಲ್ಲ ತಮಿಳಿನಲ್ಲಿ. ಇದನ್ನು ಈಗಲೇ ಹೇಳಿಡುತ್ತೇನೆ, ಕೊನೆಯಲ್ಲಿ ಬೇಕಾಗುತ್ತದೆ.

ಕುರಿಚಿಯ ಒಂದು ಫೌಂಡ್ರಿಯಲ್ಲಿ ಇವರಿಗೆ ಅಚ್ಚು ಮಾಡುವ ಕೆಲಸ. ಎರಕ ಹೊಯ್ಯುವ ಮೊದಲು ಪಂಪಿನ ಭಾಗವನ್ನು ಮರದಲ್ಲಿ ಕೆತ್ತಿ ಕೊಡಬೇಕು. ಕೂದಲಿನಷ್ಟು ವ್ಯತ್ಯಾಸವಾದರೂ ಎರಕ ದಂಡ. ನನಗೆ ಕೊಯಮತ್ತೂರಿನ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರವೊಂದರಲ್ಲಿ ಕೆಲಸ. ಬಿತ್ತನೆ ಗೂಡು ಬರುತ್ತದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ಒಳಗೆ ಕಟಕಟ ಎಂದರೆ ಕೋಶ — ಗೂಡಿನೊಳಗೆ ಪತಂಗವಾಗುತ್ತಿರುವ ಹುಳ — ಜೀವಂತ. ಸದ್ದಿಲ್ಲದಿದ್ದರೆ ಒಳಗೆ ಸತ್ತು ಅಂಟಿಕೊಂಡಿದೆ — ತೆಗೆದು ಬೇರೆ ಹಾಕು, ಇಲ್ಲವಾದರೆ ಕೊಳೆತು ಪಕ್ಕದ ಗೂಡನ್ನೂ ಕೆಡಿಸುತ್ತದೆ. ಒಳ್ಳೆಯ ಗೂಡಿನ ತುದಿಯನ್ನು ಬ್ಲೇಡಿನಿಂದ ಕೊಯ್ದು ಕೋಶವನ್ನು ಅಂಗೈಗೆ ಜಾರಿಸಿಕೊಂಡು, ಹೊಟ್ಟೆಯ ಕೊನೆಯ ಗೆರೆ ನೋಡಿ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಕೋಶಕ್ಕೆ ಏನೂ ಆಗುವುದಿಲ್ಲ. ಕಾಲಕ್ಕೆ ಸರಿಯಾಗಿ ಪತಂಗ ಹೊರಗೆ ಬರುತ್ತದೆ. ಬರಲೇಬೇಕು. ಇಂಥ ದಿನ ಎಂದರೆ ಇಂಥ ದಿನವೇ. ಕಾಲಕ್ಕೆ ಬಾರದ್ದು ಸತ್ತದ್ದು — ಇದು ನನ್ನ ಇಡೀ ಉದ್ಯೋಗದ ವ್ಯಾಕರಣ.

ಚಿಟ್ಟೆ ಸಾಕುವ ಹುಚ್ಚು ನನ್ನದಲ್ಲ, ಇವರದು. ಇವರು ನಿವೃತ್ತರಾದ ವರ್ಷ, ಮಳೆ ಬಂದು ನಿಂತ ಒಂದು ಬೆಳಗ್ಗೆ, ಶೆಡ್ಡಿನ ಗೋಡೆಯ ಮೇಲೆ ಒಂದು ಚಂದ್ರಪತಂಗ ಕೂತಿತ್ತು. ತಿಳಿಹಸಿರು ಮೈ, ಅಂಗೈಗಿಂತ ದೊಡ್ಡ ರೆಕ್ಕೆ, ಹಿಂದೆ ಎರಡು ಉದ್ದ ಬಾಲ. ಇವರು ಹೋಗಿ ತಮ್ಮ ಹಳೆಯ ಕ್ಯಾಲಿಪರ್ ತಂದರು. ಮುಟ್ಟದೆ, ಗೋಡೆಯ ಪಕ್ಕ ಉಸಿರು ಬಿಗಿಹಿಡಿದು ನಿಂತು ಅಳೆದರು. ಆಮೇಲೆ ನನ್ನ ಕಡೆ ತಿರುಗಿ, "ಎಡಗೈ ಬಲಗೈ ಎರಡೂ ಒಂದೇ ಅಳತೆ ಜಯಾ. ಯಾವ ಮೇಸ್ತ್ರಿ ಮಾಡಿದ್ದಾನೋ," ಅಂದರು.

ಅಲ್ಲಿಂದ ಶುರು. ಬೇಲಿಯ ಒದಿಯ ಮರದಲ್ಲಿ ಅದರ ಹುಳ ಸಿಗುತ್ತದೆ ಎಂದು ಕಂಡುಕೊಂಡರು. ಒದಿಯ ಮರ ಎಂದರೆ ಈ ಕಡೆ ಕೆಲಸಕ್ಕೆ ಬಾರದ ಮರ. ಮರದ ಕೆಲಸದವರಿಗಂತೂ ತಮಾಷೆಯ ವಸ್ತು. "ಎಷ್ಟು ದಪ್ಪ ಆದ್ರೂ ತೊಲೆ ಆಗೋ ಯೋಗ ಇಲ್ಲ, ಪಾವಂ. ಹುಳಕ್ಕಾದ್ರೂ ಆಗ್ಲಿ ಬಿಡು," ಎನ್ನುತ್ತಿದ್ದರು. ಫೌಂಡ್ರಿಯ ಚೂರು ತೇಗದಲ್ಲಿ ಪಂಜರ ಮಾಡಿದರು, ನೈಲಾನ್ ಬಲೆ ಕಟ್ಟಿದರು, ಬಾಗಿಲಿಗೆ ಮರದ ಕೊಂಡಿ ಕೆತ್ತಿದರು. ಆ ಕೊಂಡಿಯ ಬಗ್ಗೆ ಇವರಿಗೆ ಹೆಮ್ಮೆ. ಬಾಗಿಲು ಮುಚ್ಚಿ ಬೆರಳಿನಿಂದ ತಟ್ಟಿದರೆ ಟಕ್ ಎಂದು ಬೀಳುತ್ತದೆ. ಗಾಳಿಗೆ ತೆರೆಯದು, ಇಲಿಗೆ ತೆರೆಯದು, ಮನುಷ್ಯನ ಬೆರಳಿಗಲ್ಲದೆ ಯಾವುದಕ್ಕೂ ತೆರೆಯದು.

ಅದೇ ಆಮೇಲೆ ಇವರಿಗೆ ಮುಳುವಾಯಿತು. ಬೇರೆ ಯಾವುದಕ್ಕೂ ತೆರೆಯದು ಎಂದ ಮೇಲೆ —

ನಾಲ್ಕು ವರ್ಷದ ಹಿಂದೆ ಕಾರ್ತಿಕದಲ್ಲಿ ಹುಳಗಳು ಎಲೆ ಸುತ್ತಿಕೊಂಡು ಗೂಡು ಕಟ್ಟಿದವು. ಒಂದು ತಿಂಗಳೊಳಗೆ ಎಲ್ಲವೂ ಪತಂಗವಾಗಿ ಹೋದವು, ಒಂದನ್ನು ಬಿಟ್ಟು. ಇವರು ದಿನಾ ಬೆಳಗ್ಗೆ ಕಾಫಿಗೆ ಮುಂಚೆ ಪಂಜರದ ಬಾಗಿಲು ತೆಗೆದು, ಉಳಿದ ಆ ಗೂಡಿನ ಒಂದು ಫೋಟೋ ತೆಗೆಯುತ್ತಿದ್ದರು — ಅದೇ ಜಾಗ, ಅದೇ ಬೆಳಕು. ಹೊರಗೆ ಬರುವ ದಿನವನ್ನು ತಪ್ಪಿಸಬಾರದು ಎಂದು. ಮಾರ್ಗಶಿರ ಹೋಯಿತು, ತೈ ತಿಂಗಳೂ ಹೋಯಿತು. ಗೂಡು ಹಾಗೇ ಇತ್ತು, ಒಣಗಿದ ಎಲೆಯ ಬಣ್ಣದಲ್ಲಿ.

"ಅದು ಸತ್ತಿದೆ ರೀ. ಬಿಸಾಕಿ, ಪಂಜರ ತೊಳೀಬೇಕು," ಅಂದೆ.

"ನಿಮ್ಮ ಆಫೀಸ್ ಹುಳಕ್ಕೆ ಟೈಂಟೇಬಲ್ ಇರುತ್ತೆ. ಇದು ಕಾಡಿನ ಹುಳ. ರಿಟೈರ್ಡ್ ಆಗಿದೆ, ನನ್ನ ಹಾಗೆ. ಎದ್ದಾಗ ಏಳುತ್ತೆ."

ಒಂದು ಸಲವಲ್ಲ, ಹಲವು ಸಲ ಈ ಮಾತು ನಡೆಯಿತು. ನನಗೆ ನಗು ಬರುತ್ತಿರಲಿಲ್ಲ. ಪಂಜರ ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಬಿಸಿಲಿಗಿಟ್ಟು ಮುಂದಿನ ಹುಳಕ್ಕೆ ಸಿದ್ಧ ಮಾಡುವ ವಾರ ದಾಟಿಹೋಗಿತ್ತು. ಸತ್ತ ಗೂಡೊಂದು ನನ್ನ ಕ್ರಮದ ನಡುವೆ ಕೂತು ನನ್ನನ್ನೇ ನೋಡುತ್ತಿದೆ ಅನಿಸುತ್ತಿತ್ತು. ಈಗ ಬರೆಯುವಾಗ ಇದು ಎಷ್ಟು ಚಿಕ್ಕ ವಿಷಯ — ಒಂದು ಗೂಡು, ಒಂದು ಪಂಜರ. ಆದರೆ ನನಗೆ ಆಗ ಅದು ಚಿಕ್ಕದಾಗಿರಲಿಲ್ಲ. ಹುಳದ ವಿಷಯದಲ್ಲಿ ಈ ಮನೆಯಲ್ಲಿ ತಿಳಿದವಳು ನಾನು. ಇವರು ಮರ ತಿಳಿದವರು. ಅಷ್ಟೇ ವಿಷಯ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಮಾಸಿ ತಿಂಗಳ ಒಂದು ಬೆಳಗ್ಗೆ ಇವರು ಫೋಟೋ ತೆಗೆದು, ಕಾಫಿ ಕುಡಿದು, ಹೊಸ ಬಲೆ ತರಲು ಪೇಟೆಗೆ ಹೋದರು. ನಾನು ಶೆಡ್ಡಿಗೆ ಹೋದೆ. ಕೊಂಡಿ ಬಿದ್ದಿತ್ತು, ನಾನೇ ತೆಗೆದೆ. ಗೂಡನ್ನು ಕಡ್ಡಿಯಿಂದ ಬಿಡಿಸಿ ಕಿವಿಗೆ ಹಿಡಿದು ಅಲುಗಿಸಿದೆ. ಸದ್ದಿಲ್ಲ. ಸತ್ತಿದೆ ಎಂದುಕೊಂಡೆ. ಕೊಯ್ದು ಇವರಿಗೆ ತೋರಿಸಿದರೆ ವಾದ ಮುಗಿಯಿತು, ಮಧ್ಯಾಹ್ನದೊಳಗೆ ಪಂಜರ ಬಿಸಿಲಲ್ಲಿ. ಅಷ್ಟೇ ನನ್ನ ಯೋಚನೆ.

ತೂಕ ನೋಡಬೇಕಿತ್ತು. ಸತ್ತ ಗೂಡು ಹಗುರ. ಇದು ಕೈಯಲ್ಲಿ ಭಾರವಾಗಿತ್ತು. ನನ್ನ ಕೈಗೆ ಗೊತ್ತಾಗಿತ್ತು, ನಾನು ಕೇಳಲಿಲ್ಲ. ರೇಷ್ಮೆ ಗೂಡಿನಲ್ಲಿ ಕೋಶ ಸಡಿಲವಾಗಿ ಮಲಗಿರುತ್ತದೆ, ಅದಕ್ಕೇ ಸದ್ದು. ಇದರ ಗೂಡು ಮೈಗೆ ಹೊಲಿದ ರವಿಕೆಯ ಹಾಗೆ. ಸದ್ದು ಎಲ್ಲಿಂದ ಬರಬೇಕು. ರೇಷ್ಮೆ ಗೂಡಿನ ತುದಿಯಲ್ಲಿ ಬ್ಲೇಡಿಗೆ ಜಾಗ ಇರುತ್ತದೆ. ಇಲ್ಲಿ ತುದಿಗೆ ತಾಗಿಕೊಂಡೇ ತಲೆ ಇತ್ತು. ಸಾವಿರಾರು ಗೂಡು ಕೊಯ್ದ ಕೈ ಅದೇ ಅಭ್ಯಾಸದಲ್ಲಿ ಒಂದೇ ಎಳೆತ ಎಳೆಯಿತು.

ಬ್ಲೇಡು ಒದ್ದೆಯಾಗಿ ಬಂತು. ಕೋಶ ಅಂಗೈಯಲ್ಲಿ ಹೊಟ್ಟೆ ತಿರುಚಿತು — ಒಂದು ಸಲ, ಮತ್ತೊಂದು ಸಲ. ಜೀವ ಇದ್ದದ್ದು ಮಾತ್ರವಲ್ಲ, ಗಟ್ಟಿ ಜೀವ ಇತ್ತು. ಆ ಗಾಬರಿಯಲ್ಲೂ ನನ್ನ ಕಣ್ಣು ಅಭ್ಯಾಸ ಬಿಡದೆ ಹೊಟ್ಟೆಯ ಕೊನೆಯ ಗೆರೆಯನ್ನು ನೋಡಿತು.

ಅಲ್ಲಿಗೇ ನಿಂತಿದ್ದರೆ ಅದು ತಪ್ಪು ಮಾತ್ರ. ಹೇಳಿಬಿಡಬಹುದಾದ ತಪ್ಪು. ಇವರು ಎರಡು ದಿನ ಮುಖ ಗಂಟಿಕ್ಕಿ, ಮೂರನೆಯ ದಿನ ಅದರಲ್ಲೂ ಏನೋ ಒಂದು ತಮಾಷೆ ಹುಡುಕುತ್ತಿದ್ದರು. ಆದರೆ ನಾನು — ಸತ್ತಿದೆ, ಸತ್ತಿದೆ ಎಂದು ಅಷ್ಟು ದಿನ ಹೇಳಿದ್ದೆನಲ್ಲ. ಅದಕ್ಕೆ ಕೋಶವನ್ನು ಗೊಬ್ಬರದ ಗುಂಡಿಯಲ್ಲಿ ಹೂತೆ. ಗೂಡಿನ ಸಿಪ್ಪೆಯನ್ನು ಉಗುರಿನಿಂದ ಎಳೆದೆಳೆದು ಹರಿದು, ಇಲಿ ಕಚ್ಚಿದ ಹಾಗೆ ಶೆಡ್ಡಿನ ನೆಲದ ಮೇಲೆ ಉದುರಿಸಿದೆ. ಬ್ಲೇಡು ತೊಳೆದು ಒರೆಸಿ ಅದರ ಜಾಗದಲ್ಲಿಟ್ಟೆ. ಪಂಜರದ ಬಾಗಿಲನ್ನು ತೆರೆದು ಬಿಟ್ಟೆ. ಅಚ್ಚುಕಟ್ಟಾಗಿ ಮಾಡಿದೆ, ಎಲ್ಲವನ್ನೂ ಮಾಡುವ ಹಾಗೆ.

ಇವರು ಬಂದರು. ಬಲೆಯ ಸುರುಳಿಯನ್ನು ಕೆಳಗಿಟ್ಟರು. ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡರು. ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು:

"ಕೊಂಡಿ ತೆಗೆದಿದ್ದು ಯಾರು ಜಯಾ?"

ನಾನು ತಿರುಗದೆ ಹೇಳಿದೆ:

"ಬೆಳಗ್ಗೆ ಫೋಟೋ ತೆಗೆದವರು ನೀವು ತಾನೆ."

ಇಷ್ಟೇ ಮಾತು. ಇದರಲ್ಲಿ ಒಂದೂ ಸುಳ್ಳು ಪದವಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಿಗಿಂತ ಕೀಳು.

ಇವರು ಕ್ಯಾಮೆರಾ ತಂದು ಬೆಳಗಿನ ಚಿತ್ರ ನೋಡಿದರು. ಚಿತ್ರದಲ್ಲಿ ಗೂಡು, ಅದರ ಪಕ್ಕಕ್ಕೆ ತೆರೆದ ಬಾಗಿಲಿನ ಅಂಚು. ತೆರೆಯದೆ ಫೋಟೋ ತೆಗೆಯಲಾಗದು, ಹಾಗಾಗಿ ಪ್ರತಿ ದಿನದ ಚಿತ್ರದಲ್ಲೂ ಆ ಅಂಚು ಇದೆ. ಆದರೆ ಆ ದಿನ ಇವರು ಅದನ್ನು ಬೇರೆ ಕಣ್ಣಿನಿಂದ ನೋಡಿದರು. "ತೆರೆದಿದ್ದೀನಿ. ಮುಚ್ಚಿದ್ದು ಜ್ಞಾಪಕ ಇಲ್ಲ," ಅಂದರು. ದಿನಾ ಮಾಡುವ ಕೆಲಸ ಯಾರಿಗೆ ಜ್ಞಾಪಕ ಇರುತ್ತದೆ. ನನಗೂ ಹಾಲು ಕಾಯಿಸಿ ಒಲೆ ಆರಿಸಿದ್ದು ಜ್ಞಾಪಕ ಇರುವುದಿಲ್ಲ. ಈ ಮಾತನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಇವರ ಭಯ ನನಗೆ ಗೊತ್ತಿತ್ತು. ಇವರ ಅಣ್ಣ, ನಮ್ಮ ದೊಡ್ಡ ಭಾವ, ಕೊನೆಯ ಕಾಲದಲ್ಲಿ ಹೆಂಡತಿಯನ್ನು ಗುರುತು ಹಿಡಿಯದೆ, ಬನಿಯನ್ನಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಕೂತವರು. ಅವರಿಗೆ ಊಟ ಮಾಡಿಸಿ ಬಾಯಿ ಒರೆಸಿದ್ದು ಇವರೇ. ಮನೆಗೆ ಬಂದು ಒಮ್ಮೆ, ಒಂದೇ ಒಂದು ಸಲ, ನನ್ನ ಹತ್ತಿರ ಹೇಳಿದ್ದರು — ನನಗೂ ಹಾಗಾದ್ರೆ ನೀನು ಮೊದ್ಲೇ ಹೇಳ್ಬಿಡು, ನಂಗೆ ಗೊತ್ತಾಗಲ್ಲ. ನಾನು ಆಗಲಿ ಅಂದಿದ್ದೆ. ಆ ಮಾತನ್ನು ನಾನು ಹೇಗೆ ಉಳಿಸಿಕೊಂಡೆ ನೋಡಿ.

ಆಮೇಲಿನದು ನಿಧಾನವಾಗಿ ನಡೆಯಿತು. ಮೊದಲು ಸ್ಕೂಟರಿನ ಕೀಲಿ ಗೋಡೆಯ ಮೊಳೆಗೆ ಹೋಯಿತು. ಆಮೇಲೆ ಉಳಿ, ಬಾಚಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟರು — ಗೊತ್ತಿಲ್ಲದೆ ಕೈ ಕೊಯ್ದುಕೊಂಡರೆ ಎಂದು. ಕ್ಯಾಮೆರಾ ನನ್ನ ಕೈಗೆ ಬಂತು. ಭಾನುವಾರ ಹೊಸಬರಿಗೆ ಚಿಟ್ಟೆ ಸಾಕುವುದನ್ನು ಹೇಳಿಕೊಡುತ್ತಿದ್ದವರು ಇವರು, ಅದೂ ನನ್ನದಾಯಿತು. ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಒಮ್ಮೆ ಡಾಕ್ಟರ ಹತ್ತಿರ ಹೋದೆವು. ಅವರು ಏನೇನೋ ಕೇಳಿದರು, ಚಿತ್ರ ಬರೆಸಿದರು, ಹಿಂದುಮುಂದಾಗಿ ಎಣಿಕೆ ಹೇಳಿಸಿದರು. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ, ಭಯ ಬೇಡ ಅಂದರು. ಇವರು ನಕ್ಕು, ತಮಿಳಿನಲ್ಲಿ, ಡಾಕ್ಟರಿಗೆ ಕೊಂಡಿಯ ಕಥೆ ಹೇಳಿದರು. ಅದು ತಾನಾಗಿ ತೆರೆಯುವ ಕೊಂಡಿ ಅಲ್ಲ, ನಾನೇ ಕೆತ್ತಿದ್ದು ಅಂದರು. ಹೊರಗೆ ಬಂದ ಮೇಲೆ ನನ್ನ ಹತ್ತಿರ, "ಪಾವಂ, ಒಳ್ಳೆ ಮನುಷ್ಯ. ನಮ್ಮ ಮನಸ್ಸು ನೋಯಬಾರದು ಅಂತ ಹೇಳ್ತಾನೆ," ಅಂದರು. ನಾನು ಪಕ್ಕದಲ್ಲೇ ಇದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ದೇವರೂ ಕೊಡಲಾರ. ಆಟೋ ಕರೆದೆ.

ಈಗ ಇವರು ಕೆಲವನ್ನು ನಿಜವಾಗಿಯೂ ಮರೆಯುತ್ತಾರೆ. ಮರೆವು ಬಂದಿದೆಯೋ, ಮರೆಯುತ್ತೇನೆಂದು ನಂಬಿ ನಂಬಿ ಮರೆಯುತ್ತಾರೋ — ನನಗೆ ತಿಳಿಯದು. ಯಾರಿಗೂ ತಿಳಿಯದು. ಅವೆರಡರ ನಡುವಿನ ಗೆರೆಯನ್ನು ಅಳಿಸಿದವಳು ನಾನು.

ಇವತ್ತಿನ ವಿಷಯಕ್ಕೆ ಬರುತ್ತೇನೆ. ನಿತ್ಯಾ ಶರವಣಂಪಟ್ಟಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳ ಮನೆಯಲ್ಲೂ ನಮ್ಮ ಹಾಗೇ ಕನ್ನಡದ ಮಾತು, ಇವರ ಹಾಗೆ ಅವಳಿಗೂ ಓದಲು ಬರುವುದಿಲ್ಲ. ಇದು ಅವಳ ಮೂರನೆಯ ಪಾಠ. ಹೊಸಬರಿಗೆ ನಾನು ಮೊದಲು ನಿಂಬೆ ಗಿಡ ಕೊಡುತ್ತೇನೆ. ಅದರ ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯ ಹಾಗೆ ಕಾಣುವ ಮರಿಹುಳ ಹುಡುಕಲು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಎರಡೋ ಮೂರೋ ತರಬೇಕು, ಕಂಡಷ್ಟನ್ನೂ ಅಲ್ಲ. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆ. ರೆಂಬೆಯನ್ನು ನೀರಿನ ಬಾಟಲಿಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಬೇಕು, ಇಲ್ಲದಿದ್ದರೆ ಹುಳ ಇಳಿದು ನೀರಿಗೆ ಬೀಳುತ್ತದೆ. ಹಿಕ್ಕೆ ದಿನಾ ತೆಗೆಯಬೇಕು. ಜ್ವರದಲ್ಲಿರುವ ಹುಳವನ್ನು ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಹಾಕಬಾರದು; ಎಲೆಯ ಸಮೇತ ಕತ್ತರಿಸಿ ಇಡಬೇಕು. ಫೋಟೋ ಬೆಳಗ್ಗೆ, ಬಿಸಿಲು ರೆಕ್ಕೆಗೆ ಏರುವ ಮುಂಚೆ. ಕ್ಯಾಮೆರಾ ರೆಕ್ಕೆಗೆ ನೇರ ಎದುರು, ಓರೆಯಾದರೆ ಒಂದು ತುದಿ ಮಸುಕು. ಅಲುಗಾಡದಿರಲಿ ಎಂದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ನಮ್ಮ ಶೆಡ್ಡಿನಲ್ಲಿ ಅದಿಲ್ಲ. ಹಾರುವುದು ಹಾರಲಿ, ಚಿತ್ರ ಹೋದರೆ ಹೋಗಲಿ.

ಇದೆಲ್ಲ ಇವರ ಪಾಠ. ನನ್ನ ಬಾಯಿ, ಅಷ್ಟೇ.

ಇವತ್ತು ನಿತ್ಯಾ ಒಂದು ಡಬ್ಬಿ ತಂದಿದ್ದಳು. ಕಾಲೇಜೊಂದರ ಬೇಲಿಯ ಒದಿಯ ಮರ ಕಡಿಯುವಾಗ ಸಿಕ್ಕಿತಂತೆ — ಎಲೆ ಸುತ್ತಿದ ಒಂದು ಗೂಡು. ನೋಡಿದ ಕೂಡಲೇ ಗೊತ್ತಾಯಿತು.

"ಆಂಟಿ, ಒಂದು ವೀಡಿಯೋದಲ್ಲಿ ನೋಡಿದೆ. ಕಿವಿ ಹತ್ರ ಅಲುಗಿಸಿದ್ರೆ ಸದ್ದು ಬರ್ಬೇಕಂತೆ. ಇದ್ರಲ್ಲಿ ಬರಲ್ಲ. ಸತ್ತೋಗಿದೆಯಾ, ಬಿಚ್ಚಿ ನೋಡೋಣಾ?"

ಕುರ್ಚಿಯಿಂದ ಇವರು ಹೇಳಿದರು:

"ಬಿಚ್ಚಬೇಡಮ್ಮ. ಅದು ರಿಟೈರ್ಡ್ ಹುಳ. ತೂಕ ಇದೆಯಾ ನೋಡು."

ನಿತ್ಯಾ ಅಂಗೈಯಲ್ಲಿಟ್ಟು ನೋಡಿದಳು. "ಇದೆ ಅಂಕಲ್. ಭಾರ ಇದೆ."

"ಅಪ್ಪುರಂ ಏನು, ಇನ್ನೇನು ಬೇಕು. ಒಳಗೆ ಮಲಗಿದೆ. ಮಳೆ ಬಂದು ಎಬ್ಬಿಸೋವರೆಗೂ ಸುಮ್ನೆ ಬಿಡು. ನೀನು ನೋಡ್ಬೇಕಾಗಿದ್ದು ಒಂದೇ — ಕೊಂಡಿ." ಇವರು ನಕ್ಕರು. "ಹೊಸಬರಿಗೆಲ್ಲ ನಾನು ಹೇಳೋ ಪಾಠ ಇದೊಂದೇ. ಇಂಥದ್ದೇ ಒಂದು ಗೂಡು ನನ್ನ ಹತ್ರ ಇತ್ತು. ಫೋಟೋ ತೆಗೆದು ಬಾಗ್ಲು ತೆರೆದಿಟ್ಟು ಪೇಟೆಗೆ ಹೋದೆ. ಇಲಿಗೆ ಸಾಪ್ಪಾಡು ಆಯ್ತು. ಅಲ್ಲಿಂದ ತಲೆ ಕೆಲ್ಸ ಮಾಡ್ತಿಲ್ಲ ಅಂತ ತಿಳೀತು. ನನ್ನ ಹಾಗೆ ಮಾಡ್ಬೇಡ."

"ಅಯ್ಯೋ ಅಂಕಲ್, ವಯಸ್ಸಾದ್ರೆ ಎಲ್ಲಾರ್ಗೂ ಹಾಗೇ. ನಮ್ಮ ಅಜ್ಜಿ ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತಾರೆ."

"ಕನ್ನಡಕಕ್ಕೆ ಜೀವ ಇಲ್ಲಮ್ಮ," ಅಂದರು ಇವರು.

ಈ ಕಥೆಯನ್ನು ಇವರು ಬಂದ ಹೊಸಬರಿಗೆಲ್ಲ ಹೇಳುತ್ತಾರೆ, ಈ ನಾಲ್ಕು ವರ್ಷವೂ. ನನ್ನ ಸುಳ್ಳು ನಮ್ಮ ಶೆಡ್ಡಿನ ಮುಖ್ಯ ಪಾಠ. ಎಷ್ಟೋ ಮಂದಿ ಕೇಳಿ, ತಲೆಯಾಡಿಸಿ, ಇವರ ಕಡೆ ಕರುಣೆಯಿಂದ ನೋಡಿ ಹೋಗಿದ್ದಾರೆ. ನಾನು ಪ್ರತಿ ಸಲವೂ ಬಾಟಲಿಗೆ ನೀರು ತುಂಬುತ್ತಲೋ ಹತ್ತಿ ಹರಿಯುತ್ತಲೋ ಇರುತ್ತೇನೆ. ಇವತ್ತು ಕೈಯಲ್ಲಿ ಏನೂ ಇರಲಿಲ್ಲ. ಅಷ್ಟೇ ವ್ಯತ್ಯಾಸ ಇರಬಹುದು. ಅಥವಾ ನಾನು ದಣಿದಿರಬಹುದು — ಸುಳ್ಳನ್ನು ಹೊತ್ತವರಿಗೂ ವಯಸ್ಸಾಗುತ್ತದೆ.

ಗೂಡನ್ನು ಕಡ್ಡಿಗೆ ದಾರದಿಂದ ಕಟ್ಟಿ ಪಂಜರದಲ್ಲಿ ತೂಗುಹಾಕಿದೆವು. ಇವರು ಎದ್ದು ಬಂದು ಬಾಗಿಲು ಮುಚ್ಚಿ, ಕೊಂಡಿಯನ್ನು ಬೆರಳಿನಿಂದ ತಟ್ಟಿದರು. ಟಕ್ ಎಂದಿತು. ಆಮೇಲೆ ಎಂದಿನ ಹಾಗೆ ನನ್ನ ಕಡೆ ತಿರುಗಿದರು.

"ಜಯಾ, ಬಿತ್ತಾ? ಒಂದ್ಸಲ ನೋಡ್ಬಿಡು."

ತಾವೇ ಕೆತ್ತಿದ ಕೊಂಡಿ. ಕಿವಿಗೆ ಕೇಳಿಸಿದ ಸದ್ದು. ಅದನ್ನು ನಂಬಲು ಇವರಿಗೆ ನಾನು ಬೇಕು. ಹೋಗಿ ಮುಟ್ಟಿ ನೋಡಿ "ಬಿದ್ದಿದೆ" ಅಂದೆ.

ಪಾಠ ಮುಗಿಸಿ ನಿತ್ಯಾಳನ್ನು ಕಳಿಸಿದೆ. ಅನ್ನ ಮಾಡಿದೆ. ಊಟವಾದ ಮೇಲೆ ಇವರು ಮಲಗಿದರು. ನಾನು ಕೂತು ಇದನ್ನು ಬರೆದೆ. ಬರೆಯುತ್ತಾ ಹೋದ ಹಾಗೆ ಹಗುರವಾಯಿತು, ಮತ್ತು ಆ ಹಗುರವನ್ನು ಕಂಡೇ ಅನುಮಾನ ಬಂತು. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಇದನ್ನು ಓದಬಲ್ಲವಳು ನಾನೊಬ್ಬಳೇ. ಮೇಜಿನ ಮೇಲೆ ತೆರೆದಿಟ್ಟರೂ ಇವರಿಗೆ ಇದು ಬರೀ ಸುಳಿಸುಳಿ ಗೆರೆ. ಯಾರೋ ದೂರದ ಓದುಗರ ಮುಂದೆ ಬಾಯಿಬಿಟ್ಟು, ಎದುರಿಗಿರುವವರ ಮುಂದೆ ಬಾಯಿ ಮುಚ್ಚುವುದು — ಇದೂ ಗೊಬ್ಬರದ ಗುಂಡಿಯೇ. ಇನ್ನೊಂದು ಸಲ ಅಚ್ಚುಕಟ್ಟಾಗಿ ಹೂಳುತ್ತಿದ್ದೇನೆ.

ಆದ್ದರಿಂದ ಇವರು ಎದ್ದು ಕಾಫಿ ಕುಡಿದ ಮೇಲೆ ಇದನ್ನು ಓದಿ ಹೇಳುತ್ತೇನೆ. ಮೊದಲ ಸಾಲಿನಿಂದ, ಒಂದನ್ನೂ ಬಿಡದೆ.

ಇದರ ಮುಂದಿನದು ಓದಿದ ಮೇಲೆ ಬರೆದದ್ದು.

ಹಿತ್ತಿಲ ಜಗಲಿಯಲ್ಲಿ ಓದಿದೆ. ಮೋಡ ಮುಚ್ಚಿಕೊಂಡಿತ್ತು. ಇವರು ಕಾಫಿಯ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಕುಡಿದು ಮುಗಿಸಿದ್ದ ಲೋಟ. ಓದಿ ಮುಗಿಸಿ ಕಾಗದ ಮಡಚಿದೆ. ಇವರು ಕೇಳಿದರು:

"ಗಂಡಾ, ಹೆಣ್ಣಾ?"

ನನಗೆ ಗೊತ್ತಿರುತ್ತದೆ ಎಂದು ಇವರಿಗೆ ಗೊತ್ತು.

"ಹೆಣ್ಣು," ಅಂದೆ.

ತಲೆಯಾಡಿಸಿದರು. ಬೇಲಿಯ ಕಡೆ ನೋಡುತ್ತಾ ಕೂತರು. ನಾನು ಕ್ಷಮಿಸಿ ಎನ್ನಲಿಲ್ಲ. ಕ್ಷಮೆ ಕೇಳಿದರೆ ಇವರು ಕೊಟ್ಟುಬಿಡುತ್ತಾರೆ. ಇವರ ಸ್ವಭಾವ ಅದು. ಕೇಳುವ ಹಕ್ಕು ನನಗಿಲ್ಲ ಎಂಬಷ್ಟಾದರೂ ತಿಳಿದಿದೆ.

"ಡಾಕ್ಟರ್ ಹತ್ರ ನೀನೂ ಇದ್ದೆ," ಅಂದರು.

"ಇದ್ದೆ."

"ಆಟೋ ಕರೆದೆ."

"ಹೌದು."

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಎರಕದಲ್ಲಿ ದೋಷ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗುವ ದನಿ ಇತ್ತು. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಮುಂದೆ ಏನೆನ್ನುತ್ತಾರೋ, ಅನ್ನುತ್ತಾರೋ ಇಲ್ಲವೋ — ಅದು ಇವರದು. ನನ್ನ ಪಾಲಿಗೆ ಒಂದು ಕೆಲಸ ಉಳಿದಿದೆ: ಬರುವ ಭಾನುವಾರ ನಿತ್ಯಾಳಿಗೂ, ಅವಳಾದ ಮೇಲೆ ಬರುವ ಹೊಸಬರಿಗೂ, ಆ ಪಾಠವನ್ನು ತಿದ್ದಿ ಹೇಳಬೇಕು. ಇವರ ಎದುರಿಗೇ ಹೇಳಬೇಕು.

ಮಳೆ ಹನಿಯತೊಡಗಿತು. ಒಣಹಾಕಿದ್ದ ಬಟ್ಟೆ ತೆಗೆದೆ, ನಿಂಬೆ ಗಿಡದ ಹುಳಕ್ಕೆ ಹೊಸ ರೆಂಬೆ ಇಟ್ಟೆ, ಶೆಡ್ಡು ಗುಡಿಸಿದೆ. ಇವರು ಎದ್ದು ಬಂದರು. ಎರಚಲು ಬೀಳದ ಹಾಗೆ ಪಂಜರವನ್ನು ಗೋಡೆಯ ಕಡೆಗೆ ಸರಿಸಿದರು. ಬಾಗಿಲು ತೆಗೆದು ಗೂಡನ್ನು ಹತ್ತಿರದಿಂದ ನೋಡಿದರು, ಮುಟ್ಟಲಿಲ್ಲ. ಮುಚ್ಚಿದರು.

ನಾನು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕೊಂಡಿ ಟಕ್ ಎಂದು ಬಿದ್ದದ್ದು ಕೇಳಿಸಿತು. ಬಿತ್ತಾ ಎಂದು ನೋಡಲು ಇವರು ನನ್ನನ್ನು ಕರೆಯಲಿಲ್ಲ. ನನ್ನ ಪಕ್ಕದಲ್ಲೇ ಹಾದು ಮನೆಯೊಳಗೆ ಹೋದರು.